ಶ್ರೀಹರಿಕೋಟಾ ಪ್ರವಾಸದ ಹೆಸರಿನಲ್ಲಿ: ಕೊಡಗು ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕೊಡಗು ಜಿಲ್ಲೆ, ಮಡಿಕೇರಿ
ಹಾಗೂ
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಮಡಿಕೇರಿ

ವಿಷಯ: ರಾಕೆಟ್ ಉಡಾವಣೆ ತೋರಿಸುತ್ತೇವೆಂದು ಹೇಳಿ ಜಿಲ್ಲೆಯ ಕುಟುಂಬಗಳಿಗೂ ಶಾಲೆಗಳಿಗೂ ಮಾರುತ್ತಿರುವ ಪ್ರವಾಸಗಳ ಬಗ್ಗೆ.

ಮಾನ್ಯರೇ,

ರಜೆ ಹತ್ತಿರ ಬಂದಂತೆ ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಕರಪತ್ರ ಓಡಾಡಲು ಶುರುವಾಗುತ್ತದೆ. ಮೇಲೆ ತಿಮ್ಮಪ್ಪನ ಚಿತ್ರ, ಕೆಳಗೆ ಬೆಂಕಿ ಕಾರುತ್ತಾ ಏರುವ ರಾಕೆಟ್ಟಿನ ಚಿತ್ರ. ‘ತಿರುಪತಿ ದರ್ಶನ, ಶ್ರೀಕಾಳಹಸ್ತಿ, ಶ್ರೀಹರಿಕೋಟಾ ರಾಕೆಟ್ ಉಡಾವಣೆ: ಎರಡು ರಾತ್ರಿ, ಮೂರು ದಿನ.’ ಹೊರಡುವ ದಿನಾಂಕ ಎರಡು ತಿಂಗಳು ಮೊದಲೇ ಅಚ್ಚಾಗಿರುತ್ತದೆ. ಮುಂಗಡ ವಾಪಸ್ ಇಲ್ಲ ಎಂಬ ಸಾಲು ಮಾತ್ರ ಭೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣದು.

ಆ ಕರಪತ್ರ ಅಚ್ಚಾಗುವ ಹೊತ್ತಿಗೆ ಆ ದಿನ ಉಡಾವಣೆ ಇದೆಯೋ ಇಲ್ಲವೋ ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ. ಉಡಾವಣೆಯ ದಿನಾಂಕವನ್ನು ಇಸ್ರೋ ಸಾಮಾನ್ಯವಾಗಿ ಒಂದೆರಡು ವಾರ ಮೊದಲು ಪ್ರಕಟಿಸುತ್ತದೆ. ಹಾಗೆ ಪ್ರಕಟಿಸಿದ ದಿನವೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ನಮ್ಮ ದೂರು ಒಬ್ಬ ಆಯೋಜಕರ ಮೇಲಲ್ಲ, ಹಾಗಾಗಿ ಯಾರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಇದೊಂದು ರೂಢಿಯಾಗುತ್ತಿದೆ, ಅದನ್ನು ತಡೆಯುವ ಅಧಿಕಾರ ತಮ್ಮ ಕೈಯಲ್ಲಿದೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇವೆ.

ಮೊದಲು, ಅಲ್ಲಿ ಕಂಡದ್ದನ್ನು ಹೇಳಬೇಕು. ಸೂಳೂರುಪೇಟೆಯಿಂದ ಶ್ರೀಹರಿಕೋಟಾ ದ್ವೀಪಕ್ಕೆ ಹೋಗುವ ರಸ್ತೆ ಪುಲಿಕಾಟ್ ಸರೋವರವನ್ನು ಅಡ್ಡ ಸೀಳಿಕೊಂಡು ಹೋಗುತ್ತದೆ. ಎರಡೂ ಕಡೆ ಉಪ್ಪುನೀರು, ನೆರಳಿಗೆ ಒಂದು ಮರವಿಲ್ಲ. ಉಡಾವಣೆಯ ದಿನ ಆ ದಾರಿಯಲ್ಲಿ ತಪಾಸಣೆ ಇರುತ್ತದೆ. ಕೊಡಗಿನಿಂದ ಬಂದ ಬಸ್ಸೊಂದು ಅಲ್ಲಿ ನಿಂತಿತ್ತು. ಬಸ್ಸು ತುಂಬ ಜನ, ನೋಂದಣಿ ಆಗಿದ್ದದ್ದು ಮುಂದಿನ ನಾಲ್ಕು ಸಾಲಿನವರದ್ದು ಮಾತ್ರ. ಉಳಿದವರ ಹೆಸರನ್ನು ‘ಅಲ್ಲೇ ಹೋಗಿ ಬರೆಸೋಣ’ ಎಂದು ಕರೆತಂದಿದ್ದರು. ಅಲ್ಲಿ ಬರೆಸುವ ಪದ್ಧತಿಯೇ ಇಲ್ಲ. ಹೆಸರಿದ್ದವರು ಇಳಿದು ಹೋಗಲೂ ಇಲ್ಲ, ಏಕೆಂದರೆ ತಾಯಿಯ ಹೆಸರಿತ್ತು, ಮಗುವಿನದ್ದು ಇರಲಿಲ್ಲ. ಅಷ್ಟು ದೂರ ಬಂದ ಮಕ್ಕಳು ಬಸ್ಸಿನಲ್ಲೇ ಕೂತು, ಮೊಬೈಲಿನ ನೇರಪ್ರಸಾರದಲ್ಲಿ ರಾಕೆಟ್ ನೋಡಿದರು. ಅದೇ ನೇರಪ್ರಸಾರ ಸೋಮವಾರಪೇಟೆಯ ಮನೆಯ ಜಗುಲಿಯಲ್ಲೂ ಸಿಗುತ್ತಿತ್ತು. ಕಾವಲಿಗಿದ್ದವರನ್ನು ದೂರಿ ಪ್ರಯೋಜನವಿಲ್ಲ. ಅವರು ನಿಯಮದಂತೆಯೇ ನಡೆದುಕೊಂಡರು.

ಆ ನಿಯಮ ಕಷ್ಟದ್ದೇನೂ ಅಲ್ಲ. ಶ್ರೀಹರಿಕೋಟಾದಲ್ಲಿರುವ ಇಸ್ರೋದ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರದ ಉಡಾವಣಾ ವೀಕ್ಷಣಾ ಗ್ಯಾಲರಿ 2019ರ ಏಪ್ರಿಲ್ 1ರಂದು, ಪಿಎಸ್‌ಎಲ್‌ವಿ-ಸಿ45 ರಾಕೆಟ್ಟಿನ ಉಡಾವಣೆಯ ದಿನ, ಸಾರ್ವಜನಿಕರಿಗೆ ತೆರೆದುಕೊಂಡಿತು. ಸುಮಾರು 5,000 ಜನ ಕೂರುವ ಜಾಗ. ಪ್ರವೇಶಕ್ಕೆ ದುಡ್ಡಿಲ್ಲ. ಉಡಾವಣೆಯ ದಿನಾಂಕ ಪ್ರಕಟವಾದ ಮೇಲೆ ಕೇಂದ್ರದ ಜಾಲತಾಣದಲ್ಲಿ ನೋಂದಣಿ ತೆರೆಯುತ್ತದೆ. ಬರುವವರ ಹೆಸರು, ಗುರುತಿನ ಚೀಟಿಯ ಸಂಖ್ಯೆ ತುಂಬಬೇಕು. ತುಂಬಿದ ಅದೇ ಚೀಟಿಯ ಮೂಲಪ್ರತಿ ದ್ವಾರದಲ್ಲಿ ತೋರಿಸಬೇಕು. ತಪ್ಪಾಗುವುದು ಇಲ್ಲೇ: ಆಧಾರ್ ಸಂಖ್ಯೆ ಕೊಟ್ಟು ಮತದಾರರ ಚೀಟಿ ಹಿಡಿದು ಹೋಗುವುದು, ಹೆಸರಿನ ಮುಂದಿನ ಮನೆತನದ ಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು, ಜೆರಾಕ್ಸ್ ಸಾಕೆಂದುಕೊಳ್ಳುವುದು. ಕೊಡಗಿನಲ್ಲಿ ಮನೆತನದ ಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಬರೀ ಒಂದಕ್ಷರ ಆಗಿರುವುದು ಮನೆಮನೆಯ ಸಂಗತಿ. ನೋಂದಣಿಯಲ್ಲಿ ಚೀಟಿಯಲ್ಲಿರುವಂತೆಯೇ, ಅಕ್ಷರ ಬಿಡದೆ ಬರೆಯಬೇಕು ಎಂಬ ಒಂದು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಜನ ಗೇಟಿನಲ್ಲಿ ಪೇಚಾಡುತ್ತಿರಲಿಲ್ಲ.

ದೊಡ್ಡ ಉಡಾವಣೆಗಳಿಗೆ ಸೀಟು ಬೇಗ ಮುಗಿಯುತ್ತದೆ. ಬೆಂಗಳೂರು, ಚೆನ್ನೈಯಲ್ಲಿ ಕೂತವರಿಗೆ ಇದು ಸಮಸ್ಯೆಯಲ್ಲ. ಮಳೆಗಾಲದಲ್ಲಿ ಭಾಗಮಂಡಲ, ಶಾಂತಳ್ಳಿ, ಬಿರುನಾಣಿ ಕಡೆ ಕರೆಂಟು ಹೋಗಿ ಮೂರು ದಿನವಾಗಿರುತ್ತದೆ, ಟವರಿನ ಬ್ಯಾಟರಿಯೂ ಮುಗಿದಿರುತ್ತದೆ. ಲೈನ್‌ಮನೆಯ (ತೋಟದ ಕೂಲಿಯವರ ಸಾಲುಮನೆ) ಮಕ್ಕಳ, ಆದಿವಾಸಿ ಹಾಡಿಯ ಮಕ್ಕಳ ಮಾತಂತೂ ಬೇರೆಯೇ. ಮನೆಗೆ ಒಂದೇ ಫೋನು, ಅದು ಅಪ್ಪನ ಜೊತೆ ತೋಟದಲ್ಲಿ.

ಇನ್ನು ದಿನಾಂಕದ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಉಡಾವಣೆ ಮುಂದೆ ಹೋಗುವುದನ್ನು ಆಯೋಜಕರು ‘ಗ್ರಹಚಾರ’ ಎಂದು ಹೇಳಿ ಜಾರಿಕೊಳ್ಳುತ್ತಾರೆ. ಗ್ರಹಚಾರದ ಪ್ರಶ್ನೆಯೇ ಇಲ್ಲ, ಈ ಕೆಲಸದ ಸ್ವಭಾವವೇ ಅದು. 2024ರ ಡಿಸೆಂಬರ್ 30ರಂದು ಸ್ಪೇಡೆಕ್ಸ್ (ಬಾಹ್ಯಾಕಾಶದಲ್ಲಿ ಎರಡು ಉಪಗ್ರಹಗಳನ್ನು ಜೋಡಿಸುವ ಪ್ರಯೋಗ) ಹೊತ್ತ ಪಿಎಸ್‌ಎಲ್‌ವಿ ಎರಡು ನಿಮಿಷ ತಡವಾಗಿ ಹೊರಟಿತು. 2023ರ ಅಕ್ಟೋಬರ್ 21ರಂದು ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನ ಯೋಜನೆಯ ಟಿವಿ-ಡಿ1 ಪರೀಕ್ಷಾ ಹಾರಾಟ ಬೆಳಿಗ್ಗೆ 8ಕ್ಕೆ ಎಂದಿದ್ದದ್ದು ಎರಡು ಸಲ ಮುಂದೆ ಹೋಗಿ, ಕೊನೆಗೆ ಇನ್ನು 5 ಸೆಕೆಂಡು ಇರುವಾಗ ಕಂಪ್ಯೂಟರ್ ತಡೆಯಿತು. ದೋಷ ಹುಡುಕಿ ಸರಿಪಡಿಸಿ 10 ಗಂಟೆಗೆ ಹಾರಿಸಿದರು. 2024ರ ಡಿಸೆಂಬರ್ 4ಕ್ಕಿದ್ದ ಯುರೋಪಿನ ಪ್ರೋಬಾ-3 ಉಪಗ್ರಹಗಳ ಉಡಾವಣೆ ಮರುದಿನಕ್ಕೆ ಹೋಯಿತು. ಚಂದ್ರಯಾನ-2 ಅನ್ನು 2019ರ ಜುಲೈ 15ರ ನಸುಕಿನಲ್ಲಿ, ಎಣಿಕೆ (ಕೌಂಟ್‌ಡೌನ್) 56 ನಿಮಿಷ 24 ಸೆಕೆಂಡಿಗೆ ಬಂದು ನಿಂತಾಗ ಕೈಬಿಟ್ಟರು. ಅದು ಹಾರಿದ್ದು ಒಂದು ವಾರ ಕಳೆದು, ಜುಲೈ 22ರ ಮಧ್ಯಾಹ್ನ 2:43ಕ್ಕೆ. 2013ರ ಆಗಸ್ಟ್ 19ರಂದು ಇಂಧನ ಸೋರಿಕೆ ಕಂಡು ನಿಲ್ಲಿಸಿದ ಜಿಎಸ್‌ಎಲ್‌ವಿ-ಡಿ5 ರಾಕೆಟ್ ಹಾರಿದ್ದು 2014ರ ಜನವರಿ 5ರಂದು.

ಎರಡು ನಿಮಿಷ, ಎರಡು ಗಂಟೆ, ಒಂದು ದಿನ, ಒಂದು ವಾರ, ನಾಲ್ಕೂವರೆ ತಿಂಗಳು. ಹೀಗೆ ನಿಲ್ಲಿಸಿದ್ದೇ ಆ ವಿಜ್ಞಾನಿಗಳ ವಿವೇಕ. ಘನ ಇಂಧನದ ಮೋಟಾರಿಗೆ ಒಮ್ಮೆ ಕಿಡಿ ತಾಗಿದರೆ ಅದನ್ನು ಆರಿಸಲು ಬರುವುದಿಲ್ಲ. ಎಲ್‌ವಿಎಂ3 ರಾಕೆಟ್ಟಿನ ಎರಡು ಪಕ್ಕದ ಬೂಸ್ಟರುಗಳಲ್ಲಿ ತಲಾ 200 ಟನ್ನಿಗೂ ಹೆಚ್ಚು ಇಂಧನ ಇರುತ್ತದೆ. ಸಂಶಯ ಬಂದರೆ ಕಿಡಿ ತಾಗುವ ಮೊದಲೇ ನಿಲ್ಲಿಸಬೇಕು. ಮೇಲಿನ ಹಂತದ ದ್ರವ ಹೈಡ್ರೋಜನ್ ಸೊನ್ನೆಗಿಂತ 253 ಡಿಗ್ರಿ ಕೆಳಗಿನ ತಂಪಿನಲ್ಲಿರುತ್ತದೆ. ತುಂಬಿದ್ದನ್ನು ವಾಪಸ್ ಇಳಿಸಿ, ಟ್ಯಾಂಕು ಬಿಸಿಯೇರಲು ಬಿಟ್ಟು, ದೋಷ ಹುಡುಕಿ, ಮತ್ತೆ ತುಂಬುವುದು ಗಂಟೆಗಳಲ್ಲಿ ಮುಗಿಯುವ ಕೆಲಸವಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ ಕರೆದೊಯ್ದರೆ, ಎಣಿಕೆ ನಿಂತ ದಿನವೂ ಅವರಿಗೊಂದು ಪಾಠವೇ. ಹೇಳದೆ ಕರೆದೊಯ್ದರೆ ‘ಮೋಸವಾಯ್ತು’ ಎಂದು ಅಳುತ್ತಾ ಬರುತ್ತಾರೆ, ಅದೂ ತಪ್ಪು ಯಾರದೋ, ಸಿಟ್ಟು ವಿಜ್ಞಾನಿಗಳ ಮೇಲೆ.

ತಿರುಪತಿಯನ್ನು ಇದಕ್ಕೆ ಕಟ್ಟಿಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಭಕ್ತಿಯ ಬಗ್ಗೆ ನಮ್ಮ ತಕರಾರಿಲ್ಲ. ತಿರುಪತಿ–ಸೂಳೂರುಪೇಟೆ ನಡುವೆ ಎಂಬತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ, ಕಾಗದದ ಮೇಲೆ ಚೆನ್ನಾಗಿಯೇ ಕೂರುತ್ತದೆ. ಆದರೆ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನದ ಟಿಕೆಟ್ ತಿಂಗಳುಗಳ ಮುಂಚೆ ಬುಕ್ ಆಗುತ್ತದೆ, ಅದರಲ್ಲಿ ದಿನ ಮತ್ತು ಗಂಟೆ ನಮೂದಾಗಿರುತ್ತದೆ. ಅದು ಅಲುಗುವುದಿಲ್ಲ. ಉಡಾವಣೆಯ ಗಂಟೆ ಯಾವಾಗ ಬೇಕಾದರೂ ಅಲುಗಬಹುದು. ಅಲುಗದ್ದಕ್ಕೆ ಅಲುಗುವುದನ್ನು ಗಂಟು ಹಾಕಿದರೆ ಹರಿಯುವುದು ಯಾವುದು? ಸಂಜೆಯ ಉಡಾವಣೆ ಒಂದು ಗಂಟೆ ತಡವಾದರೆ, ದರ್ಶನಕ್ಕೆ ಹೊತ್ತಾಯಿತೆಂದು ಬಸ್ಸನ್ನು ಎಣಿಕೆ ಮುಗಿಯುವ ಮೊದಲೇ ತಿರುಗಿಸುತ್ತಾರೆ. ಇಲ್ಲವೇ, ಸೇತುವೆಯಂಥ ಒಂದೇ ರಸ್ತೆಯಲ್ಲಿ ಸಾವಿರಾರು ವಾಹನ ಒಟ್ಟಿಗೆ ಹೊರಟು ಸಿಕ್ಕಿಬಿದ್ದಾಗ, ಹೋದ ಸಮಯವನ್ನು ಹಿಂದೆ ತರಲು ಡ್ರೈವರ್ ರಾತ್ರಿ ಘಾಟಿಯ ಕಡೆ ಓಡಿಸುತ್ತಾರೆ. ಆ ಬಸ್ಸಿನಲ್ಲಿರುವುದು ನಮ್ಮ ಮಕ್ಕಳು.

ದೂರದ ಲೆಕ್ಕವನ್ನೂ ಯಾರೂ ಸರಿಯಾಗಿ ಹೇಳುವುದಿಲ್ಲ. ಮಡಿಕೇರಿಯಿಂದ ಬೆಂಗಳೂರು, ಕೋಲಾರ, ಚಿತ್ತೂರು, ತಿರುಪತಿ ದಾರಿಯಾಗಿ ಸೂಳೂರುಪೇಟೆ ಹೆಚ್ಚುಕಡಿಮೆ 600 ಕಿಲೋಮೀಟರ್. ಬಸ್ಸಿನಲ್ಲಿ ಊಟ–ತಿಂಡಿ, ಮಕ್ಕಳ ವಾಂತಿಗೆ ನಿಲ್ಲಿಸುವುದೆಲ್ಲ ಸೇರಿ 13–14 ಗಂಟೆ. ಒಬ್ಬನೇ ಡ್ರೈವರ್ ಹೋಗಿ ಬಂದು ಮೂರು ದಿನದಲ್ಲಿ ಮುಗಿಸುವ ದಾರಿಯಲ್ಲ ಇದು. ನಮ್ಮ ಜಿಲ್ಲೆಗೆ ರೈಲಿಲ್ಲ, ಅದು ನಿಜ. ಆದರೆ ಮೈಸೂರಿನವರೆಗೆ ಸುಮಾರು 120 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ, ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಚೆನ್ನೈ. ಅಲ್ಲಿಂದ ಗುಮ್ಮಿಡಿಪೂಂಡಿ ಮಾರ್ಗದಲ್ಲಿ ಸೂಳೂರುಪೇಟೆವರೆಗೆ ಹೋಗುವ ಲೋಕಲ್ ರೈಲುಗಳಿವೆ, ಎರಡು ಗಂಟೆ ಚಿಲ್ಲರೆ ಪ್ರಯಾಣ. ಮಕ್ಕಳು ಮಲಗಿಕೊಂಡು ಹೋಗುತ್ತಾರೆ, ಖರ್ಚೂ ಕಡಿಮೆ. ಸೂಳೂರುಪೇಟೆ ಸಣ್ಣ ಊರು. ಉಡಾವಣೆಯ ಹಿಂದಿನ ದಿನ ಅಲ್ಲಿಗೆ ಹೋಗಿ ಲಾಡ್ಜು ಹುಡುಕಿದರೆ ಸಿಗುವುದಿಲ್ಲ. ನಾಯ್ಡುಪೇಟೆ, ಗುಮ್ಮಿಡಿಪೂಂಡಿಗಳಲ್ಲಿ ನೋಡಿಕೊಳ್ಳಬೇಕು. ಉಡಾವಣೆಯ ದಿನದ ನಂತರ ಒಂದು ಪೂರ್ತಿ ದಿನ ಕೈಯಲ್ಲಿ ಉಳಿಸಿಕೊಂಡೇ ವಾಪಸ್ ಟಿಕೆಟ್ ಮಾಡಬೇಕು. ಉಡಾವಣೆ ಸಮಯಕ್ಕೆ ಸರಿಯಾಗಿ ಆದರೆ ಆ ದಿನಕ್ಕೆ ನೇಲಪಟ್ಟು ಪಕ್ಷಿಧಾಮವಿದೆ, ಚಳಿಗಾಲದಲ್ಲಿ ಪುಲಿಕಾಟಿನ ರಾಜಹಂಸಗಳಿವೆ, ಹಾಳಾಗುವುದಿಲ್ಲ.

ನಮ್ಮ ಜಿಲ್ಲೆಯವರಿಗೇ ಹೇಳಬೇಕಾದ ಇನ್ನೊಂದು ಮಾತು. ತೋಟದ ಜೀಪಿನಲ್ಲಿ, ಪಿಕಪ್ಪಿನಲ್ಲಿ ಹೊರಡುವ ಕುಟುಂಬಗಳು ಡ್ಯಾಶ್‌ಬೋರ್ಡು, ಸೀಟಿನಡಿ ಎಲ್ಲ ನೋಡಿ ಖಾಲಿ ಮಾಡಬೇಕು. ಹಂದಿ ಓಡಿಸಲು ಇಟ್ಟುಕೊಂಡ ಪಟಾಕಿ, ಎಂದೋ ಉಳಿದ ಒಂದು ತೋಟಾ, ಕಾಡು ಕಡಿಯುವ ಕತ್ತಿ ಇಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ರಾಕೆಟ್ ಇಂಧನ ತುಂಬಿ ನಿಂತಿರುವ ಜಾಗದ ಬಾಗಿಲಲ್ಲಿ ಅದು ಬಹಳ ದೊಡ್ಡ ಸಂಗತಿ. ಕೋವಿಗೆ ಇಲ್ಲಿ ಇರುವ ವಿನಾಯಿತಿ ಅಲ್ಲಿ ಮಾತಾಡುವ ವಿಷಯವಲ್ಲ.

ಬಿಸಿಲಿನ ವಿಷಯವೂ ಸಣ್ಣದಲ್ಲ. ಮಡಿಕೇರಿಯ ತಂಪಿನಲ್ಲಿ ಬೆಳೆದ ಮಗುವನ್ನು ಏಪ್ರಿಲ್–ಮೇ ತಿಂಗಳಲ್ಲಿ ಆಂಧ್ರದ ಕಡಲತೀರದಲ್ಲಿ ಗಂಟೆಗಟ್ಟಲೆ ಕೂರಿಸಿದರೆ ತಲೆಸುತ್ತು ಬರುವುದು ಸಹಜ. ಟೋಪಿ, ತಲೆಗೊಂದು ಲೀಟರ್‌ಗಿಂತ ಹೆಚ್ಚು ನೀರು, ಓಆರ್‌ಎಸ್ ಪೊಟ್ಟಣ ಇರಲೇಬೇಕು. ಇತ್ತ ಅಕ್ಟೋಬರ್‌ನ ದಸರಾ ರಜೆ ಎಂದರೆ ಅಲ್ಲಿ ಹಿಂಗಾರು ಮಳೆ ಹಿಡಿಯುವ ಹೊತ್ತು, ಡಿಸೆಂಬರ್‌ವರೆಗೂ ಚಂಡಮಾರುತದ ಕಾಲ. ಮೋಡ ತಗ್ಗಿದ್ದರೆ ರಾಕೆಟ್ ಕೆಲವೇ ಸೆಕೆಂಡಿನಲ್ಲಿ ಅದರೊಳಗೆ ಮರೆ. ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ಆಕಾಶ ಚೆನ್ನಾಗಿರುತ್ತದೆ. ಆಗ ಇಲ್ಲಿ ಕಾಫಿ ಕುಯ್ಲು, ಕಣದಲ್ಲಿ ಕಾಫಿ ಹರಡಿರುತ್ತದೆ, ಮಕ್ಕಳಿಗೆ ಪರೀಕ್ಷೆ ಹತ್ತಿರ. ಯಾವ ತಿಂಗಳೂ ಪೂರ್ತಿ ಅನುಕೂಲವಲ್ಲ. ಅದನ್ನು ಬಚ್ಚಿಡದೆ ಹೇಳಿ, ಪೋಷಕರೇ ತೀರ್ಮಾನ ಮಾಡಲಿ.

ಇಷ್ಟೆಲ್ಲ ತೊಡಕು ಹೇಳಿದ ಮೇಲೆ, ಮತ್ತೇಕೆ ಹೋಗಬೇಕು ಎಂದು ತಾವು ಕೇಳಬಹುದು. ಹೋಗಲೇಬೇಕು ಎಂಬುದೇ ನಮ್ಮ ವಾದ. ಎಣಿಕೆ ಸೊನ್ನೆಗೆ ಬಂದಾಗ ಮೊದಲು ಕಾಣುವುದು ಬೆಳಕು. ಮರಗಳ ತಲೆಯ ಮೇಲೆ ಕಿತ್ತಳೆ ಬಣ್ಣದ ಬೆಂಕಿ ಏಳುತ್ತದೆ, ಸದ್ದೇ ಇಲ್ಲ. ಮಗು ‘ಸದ್ದೆಲ್ಲಿ?’ ಎಂದು ತಿರುಗಿ ನೋಡುತ್ತದೆ. ನಮ್ಮ ಮಕ್ಕಳಿಗೆ ಈ ಲೆಕ್ಕ ಗೊತ್ತೇ ಇದೆ: ಮಿಂಚು ಕಂಡ ಮೇಲೆ ಒಂದು, ಎರಡು, ಮೂರು ಎಂದು ಎಣಿಸಿ ಗುಡುಗು ಎಷ್ಟು ದೂರ ಎಂದು ಹೇಳುವವರು ಅವರು. ಕಿಲೋಮೀಟರಿಗೆ ಸುಮಾರು 3 ಸೆಕೆಂಡು. ಇಲ್ಲೂ ಹಾಗೆಯೇ ಎಣಿಸಬಹುದು. ಸದ್ದು ಬಂದಾಗ ಕಿವಿಗೆ ಮಾತ್ರ ಬರುವುದಿಲ್ಲ, ಎದೆಗೂಡಿಗೆ ಬರುತ್ತದೆ, ಕೂತ ಕಲ್ಲು ನಡುಗುತ್ತದೆ. ಪಿಎಸ್‌ಎಲ್‌ವಿಯ ಮೊದಲ ಹಂತ ಉರಿದು ಮುಗಿಯಲು ಎರಡು ನಿಮಿಷವೂ ಬೇಡ. ಆಮೇಲೆ ಉಳಿಯುವುದು ಒಂದು ಚುಕ್ಕಿ ಮತ್ತು ಗಾಳಿಗೆ ಡೊಂಕಾಗುವ ಹೊಗೆಯ ಗೆರೆ. ಆ ಎರಡು ನಿಮಿಷವನ್ನು ಮೊಬೈಲಿನ ಪರದೆಯಲ್ಲಿ ಕಳೆಯಬೇಡಿ ಎಂದು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಕೊಡಗಿಗೆ ಈ ರಾಕೆಟ್ಟು ದೂರದ ಬೆರಗಲ್ಲ. ತಾವು ಮಳೆ ರಜೆ ಘೋಷಿಸುವ ಮುನ್ನ ನೋಡುವ ಹವಾಮಾನ ಮುನ್ಸೂಚನೆಯ ಹಿಂದೆ ಇನ್ಸಾಟ್ ಉಪಗ್ರಹಗಳ ಚಿತ್ರಗಳಿವೆ. ಇನ್ಸಾಟ್-3ಡಿಎಸ್ 2024ರ ಫೆಬ್ರವರಿ 17ರಂದು ಶ್ರೀಹರಿಕೋಟಾದಿಂದಲೇ ಹೋಯಿತು. 2025ರ ಜುಲೈ 30ರಂದು ಅಲ್ಲಿಂದ ಹೊರಟ ನಿಸಾರ್ ಉಪಗ್ರಹ ಪ್ರತಿ 12 ದಿನಕ್ಕೊಮ್ಮೆ ಅದೇ ನೆಲವನ್ನು ಮತ್ತೆ ನೋಡುತ್ತದೆ. ಮೋಡವಿದ್ದರೂ ಅದರ ರೇಡಾರ್ ಕೆಳಗಿಳಿಯುತ್ತದೆ, ನೆಲ ಎಷ್ಟು ಸರಿದಿದೆ ಎಂದು ಸೂಕ್ಷ್ಮವಾಗಿ ಅಳೆಯಬಲ್ಲದು. 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದದ್ದನ್ನು ಕಂಡ ಜಿಲ್ಲೆಯ ಮಕ್ಕಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ತಮ್ಮಲ್ಲಿ ನಮ್ಮ ಬೇಡಿಕೆಗಳು ಹೀಗಿವೆ.

ಉಡಾವಣೆ ತೋರಿಸುತ್ತೇವೆಂದು ಜಾಹೀರಾತು ಕೊಡುವ ಪ್ರತಿಯೊಬ್ಬ ಆಯೋಜಕರೂ ಮೂರು ಸಂಗತಿಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ಸೂಚನೆ ಹೊರಡಿಸಿ: ಗ್ಯಾಲರಿ ಪ್ರವೇಶ ಉಚಿತ, ಪ್ರತಿಯೊಬ್ಬರ ಹೆಸರಿನಲ್ಲೂ ಮುಂಚಿತ ನೋಂದಣಿ ಆಗಿರಬೇಕು, ಉಡಾವಣೆ ಮುಂದೆ ಹೋಗಬಹುದು. ಮುಂದೆ ಹೋದರೆ ಹಣದ ಗತಿ ಏನೆಂಬುದೂ ಅದೇ ಅಳತೆಯ ಅಕ್ಷರದಲ್ಲಿರಲಿ. ಉಚಿತ ಪ್ರವೇಶಕ್ಕೆ ‘ಪಾಸ್ ಶುಲ್ಕ’ ಎಂದು ತೆಗೆದುಕೊಂಡ ರಸೀದಿಗಳು ಪೋಷಕರ ಬಳಿ ಇವೆ. ತಾವು ಕರೆದರೆ ತಂದು ತೋರಿಸುತ್ತೇವೆ.

ಶಾಲಾ ಪ್ರವಾಸಕ್ಕೆ ಅನುಮತಿ ಕೊಡುವಾಗ ಉಪನಿರ್ದೇಶಕರು ಎಲ್ಲ ಮಕ್ಕಳ ನೋಂದಣಿಯ ಪ್ರತಿ ಕೇಳಿ ಪಡೆಯಲಿ. ಎರಡನೇ ಡ್ರೈವರ್ ಇದ್ದಾರೆಯೇ, ಒಂದು ಹೆಚ್ಚುವರಿ ದಿನ ಇದೆಯೇ ಎಂದು ನೋಡಲಿ. ತಿರುಪತಿಯ ದರ್ಶನ ಅದೇ ದಿನ ಇದ್ದರೆ ಅನುಮತಿ ಕೊಡದಿರಲಿ.

ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇದೆ, ನೋಡಿಕೊಳ್ಳುವ ಗ್ರಂಥಪಾಲಕರಿದ್ದಾರೆ. ನೋಂದಣಿ ತೆರೆದ ದಿನ ಅಲ್ಲಿಗೆ ಬಂದವರಿಗೆ ಅರ್ಜಿ ತುಂಬಿಕೊಡುವಂತೆ ಒಂದು ಸುತ್ತೋಲೆ ಸಾಕು. ಇದಕ್ಕೆ ಪೈಸೆ ಖರ್ಚಿಲ್ಲ. ಮೇಲೆ ನಾವು ಬರೆದ ವಿವರಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿಕೊಡಲು ನಾವೇ ಸಿದ್ಧ.

ಆದಿವಾಸಿ ಮಕ್ಕಳು ಓದುವ ಆಶ್ರಮ ಶಾಲೆಗಳ ಮಕ್ಕಳಿಗಾಗಿ ವರ್ಷಕ್ಕೆ ಒಂದು ಉಡಾವಣೆಗಾದರೂ ಜಿಲ್ಲಾಡಳಿತವೇ ಏರ್ಪಾಡು ಮಾಡಲಿ. ಒಂದು ಬಸ್ಸು, ನಲವತ್ತು ಮಕ್ಕಳು. ಅವರ ಗುರುತಿನ ಚೀಟಿಯ ತೊಡಕನ್ನು ಬಿಡಿಸುವ ಶಕ್ತಿ ತಮ್ಮ ಕಚೇರಿಗೆ ಇದೆ, ನಮಗಿಲ್ಲ.

ಕೊನೆಯದು, ಹತ್ತಿರದ್ದು. ಭೂಸ್ಥಿರ ಕಕ್ಷೆಯಲ್ಲಿರುವ (ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ) ಇಸ್ರೋ ಉಪಗ್ರಹಗಳನ್ನು ನಿಯಂತ್ರಿಸುವ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ. ಮಡಿಕೇರಿಯಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನ ಮತ್ತು ಅಕ್ಟೋಬರ್ 4ರಿಂದ 10ರ ವಿಶ್ವ ಬಾಹ್ಯಾಕಾಶ ಸಪ್ತಾಹದ ಸಂದರ್ಭದಲ್ಲಿ ನಮ್ಮ ಜಿಲ್ಲೆಯ ಮಕ್ಕಳಿಗೆ ಅಲ್ಲಿ ಭೇಟಿಗೆ ಅವಕಾಶ ಕೋರಿ ಜಿಲ್ಲಾಡಳಿತದಿಂದ ಒಂದು ಪತ್ರ ಹೋಗಲಿ. ಶ್ರೀಹರಿಕೋಟಾಕ್ಕೆ ಹೋಗಲು ಆಗದ ಮಗುವಿಗೆ ಆ ದೊಡ್ಡ ಆ್ಯಂಟೆನಾಗಳನ್ನಾದರೂ ಕಣ್ಣೆದುರು ನೋಡುವಂತಾಗಲಿ.

ಈ ಸಾಲಿನ ಶಾಲಾ ಪ್ರವಾಸದ ಅರ್ಜಿಗಳು ತಮ್ಮ ಮೇಜಿಗೆ ಬರುವುದಕ್ಕೆ ಮೊದಲು ಮೊದಲ ಎರಡು ಬೇಡಿಕೆಗಳ ಬಗ್ಗೆಯಾದರೂ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ. ಕರೆದ ದಿನ, ಕರೆದ ಹೊತ್ತಿಗೆ ದಾಖಲೆಗಳೊಂದಿಗೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೊಡಗಿನ ಕೆಲವು ಪೋಷಕರು ಮತ್ತು ವಿಜ್ಞಾನ ಶಿಕ್ಷಕರು